ಇಸ್ತ್ರಿ ಮಡಿಕೆ ಮುರಿಯದ ನಾಲ್ಕು ಅಂಗಿ

ಕಾರವಾರದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಕೆಲಸ ಹೋಯಿತೆಂದು ಅಳುತ್ತ ಬರುವವರು ಕಡಿಮೆ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಲಾಗದೆ ಬರುವವರೇ ಹೆಚ್ಚು. ಗಲ್ಫ್‌ನಿಂದ ಮರಳಿದವರು, ಗುತ್ತಿಗೆ ಮುಗಿದ ಎಂಜಿನಿಯರುಗಳು, ಈಚೆಗೆ ಪೈಲಟ್‌ಗಳೂ ಬರುತ್ತಿದ್ದಾರೆ. ಇದು ಸರಕು ವಿಮಾನದ ಪೈಲಟ್ ಒಬ್ಬರ ಪ್ರಕರಣ. ಇದರಲ್ಲಿ ಮೊದಲು ನಾನು ಕೊಟ್ಟ ಸಲಹೆ ತಪ್ಪಾಗಿತ್ತು, ಬರೆಯಲು ಅದೂ ಒಂದು ಕಾರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ್ದಾರೆ.

ಆತನಿಗೆ 34. ಶಿರಸಿ ಕಡೆಯ ಅಡಿಕೆ ತೋಟದ ಮನೆ. ತೋಟದ ಮೇಲೆ ಸಾಲ ಎತ್ತಿ 200 ಗಂಟೆ ಹಾರಿ ಸಿಪಿಎಲ್, ಅಂದರೆ ಸಂಬಳಕ್ಕೆ ಹಾರುವ ಲೈಸೆನ್ಸ್ ಪಡೆದದ್ದು, ಮತ್ತೆ ಬೋಯಿಂಗ್ 737 ಹಾರಿಸುವ ಅರ್ಹತೆಗೆ, ಅಂದರೆ ಟೈಪ್ ರೇಟಿಂಗಿಗೆ ಇನ್ನೊಂದು ಸಾಲ. ಇಲ್ಲೇ ಕೆಲವು ವರ್ಷ ಹಾರಿ, 2021ರಲ್ಲಿ ಏಜೆನ್ಸಿಯ ಮೂಲಕ ವಿದೇಶದ ಸರಕು ಕಂಪನಿಯೊಂದಕ್ಕೆ ಕೋ-ಪೈಲಟ್ ಆಗಿ ಸೇರಿದ. ಮೂರು ವಾರ ಡ್ಯೂಟಿ, ಮೂರು ವಾರ ಮನೆ. ಹಾರುವುದೆಲ್ಲ ಹೆಚ್ಚಾಗಿ ರಾತ್ರಿ.

ಈ ವ್ಯವಹಾರಕ್ಕೆ ಎಸಿಎಂಐ ಎನ್ನುತ್ತಾರಂತೆ. ವಿಮಾನ, ಸಿಬ್ಬಂದಿ, ರಿಪೇರಿ, ವಿಮೆ ಇಷ್ಟೂ ಒಬ್ಬರದು, ಸರಕು ಮತ್ತು ಇಂಧನದ ಖರ್ಚು ಇನ್ನೊಬ್ಬರದು. ಡ್ರೈವರ್ ಸಮೇತ ಲಾರಿ ಬಾಡಿಗೆಗೆ ಬಿಟ್ಟ ಹಾಗೆ, ಬಾಡಿಗೆಯೂ ಗಂಟೆ ಲೆಕ್ಕದಲ್ಲಿ. 2020ರ ಮಾರ್ಚಿನಲ್ಲಿ ಪ್ರಯಾಣಿಕ ವಿಮಾನಗಳು ನಿಂತಾಗ, ಅವುಗಳ ಹೊಟ್ಟೆಯಲ್ಲಿ ಹೋಗುತ್ತಿದ್ದ ಸರಕಿಗೆ ದಾರಿ ಇಲ್ಲದಾಯಿತು. ಜಗತ್ತಿನ ವಿಮಾನ ಸರಕಿನಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುತ್ತಿದ್ದದ್ದೇ ಹಾಗೆ. ಸರಕು ವಿಮಾನಕ್ಕೆ ಎಲ್ಲಿಲ್ಲದ ಬೆಲೆ ಬಂತು, ಆತನಿಗೆ ಕೆಲಸ ಸಿಕ್ಕಿದ್ದೂ ಆ ಅಲೆಯಲ್ಲೇ. ಪ್ರಯಾಣಿಕರು ಮರಳಿದಂತೆ ದರ ಇಳಿಯಿತು. ಲೋಡ್ ಕಡಿಮೆಯಾದರೆ ಸರಕಿನವರು ಮೊದಲು ಬಿಡುವುದು ಬಾಡಿಗೆ ವಿಮಾನವನ್ನು. 2023ರಲ್ಲಿ 30 ದಿನದ ನೋಟಿಸ್ ಇಮೇಲಿನಲ್ಲಿ ಬಂತು.

ಮೊದಲ ಭೇಟಿಯಲ್ಲಿ ಆತ ಮೂರು ಸಲ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ನಾನಿಲ್ಲಿಗೆ ಬಂದದ್ದು ಎಲ್ಲಾದರೂ ದಾಖಲಾಗ್ತದಾ?" ಪೈಲಟ್‌ಗಳಿಗೆ ಕ್ಲಾಸ್ 1 ಮೆಡಿಕಲ್, ಅಂದರೆ ಹಾರಲು ಬೇಕಾದ ಆರೋಗ್ಯದ ಸರ್ಟಿಫಿಕೇಟು, ಅನ್ನದ ತಟ್ಟೆ. ನಿದ್ದೆ ಬರುತ್ತಿಲ್ಲ ಎಂದು ಡಾಕ್ಟರ ಹತ್ತಿರ ಹೇಳಲೂ ಹೆದರಿಕೆ. ದೊಡ್ಡ ಕಂಪನಿಗಳಲ್ಲಾದರೆ ಸಹೋದ್ಯೋಗಿಗಳೇ ಕಿವಿಯಾಗುವ ವ್ಯವಸ್ಥೆ ಬರುತ್ತಿದೆ, ಏಜೆನ್ಸಿಯ ಪೈಲಟ್‌ಗೆ ಸಹೋದ್ಯೋಗಿ ಎನ್ನಲು ಇರುವುದು ವಾಟ್ಸಾಪ್ ಗುಂಪು ಮಾತ್ರ. ಒಬ್ಬ ಮನೋವೈದ್ಯ ಮಿತ್ರರು, "ಅವರನ್ನು ನನ್ನ ಹತ್ತಿರ ಯಾಕೆ ಕಳಿಸಲಿಲ್ಲ?" ಎಂದು ಕೇಳಿದ್ದರು. ಔಷಧಿ ಬೇಕೆನ್ನಿಸುವ ಲಕ್ಷಣ ಕಂಡಿದ್ದರೆ ಆ ದಿನವೇ ಕಳಿಸುತ್ತಿದ್ದೆ, ಹಾರಬೇಡಿ ಎಂದೂ ಹೇಳುತ್ತಿದ್ದೆ. ನನಗೆ ಕಂಡದ್ದು ಬಚ್ಚಿಟ್ಟ ಸುದ್ದಿಯ ಭಾರ.

ಅದನ್ನು ಬಿಟ್ಟು ನಾನು ಆ ದಿನ ಹೇಳಿದ್ದು, "ಇಲ್ಲಿಯ ಯಾವುದಾದರೂ ಕಂಪನಿಯಲ್ಲಿ ಕಾಯಂ ಕೆಲಸ ನೋಡಿ" ಎಂದು. ನನ್ನಪ್ಪ ಬ್ಯಾಂಕಿನಲ್ಲಿದ್ದವರು. ಕಾಯಂ ಎಂಬ ಶಬ್ದಕ್ಕೆ ನಮ್ಮ ಮನೆಯಲ್ಲಿ ದೇವರ ಕೋಣೆಯ ಮರ್ಯಾದೆ ಇತ್ತು. ಆತ ತಲೆ ಅಲ್ಲಾಡಿಸಿ ಹೋದ. ಇಲ್ಲಿ ಹೆಚ್ಚಿನವರು ಹಾರಿಸುವುದು ಏರ್‌ಬಸ್, ತನ್ನ ರೇಟಿಂಗ್ ಬೋಯಿಂಗಿನದು, ಸೀನಿಯಾರಿಟಿ ಬೇರೆ ಕಂಪನಿಗೆ ಜೊತೆಗೆ ಬರುವುದಿಲ್ಲ ಎಂದೆಲ್ಲ ಹೇಳಿದ್ದು ಮುಂದಿನ ಸಲ. ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ಹಾರಾಟ ನಿಲ್ಲಿಸಿದಾಗ ಬೀದಿಗೆ ಬಂದವರಲ್ಲೂ ಕಾಯಂ ನೌಕರರಿದ್ದರಲ್ಲ ಎಂಬುದು ನನಗಾದರೂ ನೆನಪಾಗಬೇಕಿತ್ತು.

ಮೂರನೆಯ ಭೇಟಿಗೆ ಹೆಂಡತಿಯೂ ಬಂದಳು. ಆತನೇ ಕರೆತಂದದ್ದು, "ನೀವೇ ಹೇಳಿ ಮೇಡಂ" ಎಂಬ ಲೆಕ್ಕಾಚಾರದಲ್ಲಿ. ನಾನು ಹೇಳುವುದಿಲ್ಲ, ನೀವೇ ಹೇಳಬೇಕು ಎಂದೆ. ಫ್ಯಾನ್ ತಿರುಗುತ್ತಿತ್ತು. ಆತ ಉಗುರು ಕೆರೆಯುತ್ತ ಕೂತ. ಕೊನೆಗೆ ಬಾಯಿಬಿಟ್ಟದ್ದು ಆಕೆ.

"ನಂಗೆ ಗೊತ್ತುಂಟು."

ಕೆಲಸ ಹೋದ ಮೇಲೂ ಆತ ಎರಡು ಸಲ ಡ್ಯೂಟಿಗೆ ಹೋಗಿದ್ದ. ಅಂದರೆ ಚೀಲ ಕಟ್ಟಿಕೊಂಡು ಗೋವಾಕ್ಕೆ ಹೋಗಿ, ವಾಸ್ಕೋದ ಒಂದು ರೂಮಿನಲ್ಲಿ ಮೂರು ವಾರ ಕಳೆದು ಬಂದಿದ್ದ. ಪ್ರತಿ ಸಲ ಯೂನಿಫಾರ್ಮಿನ ನಾಲ್ಕು ಬಿಳಿ ಅಂಗಿಗೆ ಇಸ್ತ್ರಿ ಮಾಡಿ ಕೊಡುವವಳು ಆಕೆ. ಮೊದಲ ಸಲ ಮರಳಿದಾಗ ಒಗೆಯಲೆಂದು ಚೀಲ ತೆರೆದರೆ, ನಾಲ್ಕೂ ಅಂಗಿ ತಾನು ಮಡಿಸಿಟ್ಟ ಹಾಗೇ ಇದ್ದವು. ಕಾಲರಿನಲ್ಲಿ ಬೆವರಿನ ಗೆರೆ ಇಲ್ಲ, ಮಡಿಕೆ ಕೂಡ ಮುರಿದಿಲ್ಲ. ಆಕೆ ಅವನ್ನು ಕೊಡವಿ, ನೀರಿಗೆ ಹಾಕಿ, ಒಣಗಿಸಿ, ಮತ್ತೆ ಇಸ್ತ್ರಿ ಮಾಡಿ, ಎರಡನೆಯ ಸಲಕ್ಕೂ ಕಟ್ಟಿಕೊಟ್ಟಿದ್ದಳು.

"ಯಾಕೆ ಕೇಳಲಿಲ್ಲ?" ಎಂದೆ.

"ಇವರೇ ಹೇಳ್ಲಿ ಅಂತ."

ಆಮೇಲೆ ಆಕೆ ಹೇಳಿದ್ದನ್ನು ಆ ಸಂಜೆಯೇ ಬರೆದಿಟ್ಟುಕೊಂಡೆ. ಆಕೆ ಕಾರವಾರದವಳು, ಅಪ್ಪ ಮರ್ಚೆಂಟ್ ನೇವಿಯಲ್ಲಿದ್ದವರು. "ನಮ್ಮಪ್ಪ ಹಡಗಿನಿಂದ ಇಳಿದು ಮನೆಗೆ ಬಂದಾಗ ಕೆಲಸ ಹೋಯ್ತು ಅಂತ ಯಾರೂ ಹೇಳಿದ್ದಿಲ್ಲ ಮೇಡಂ. ಸೈನ್ ಆಫ್ ಆಯ್ತು ಅಂತಿದ್ರು. ಮುಂದಿನ ಹಡಗು ಯಾವಾಗ ಅಂತ ಕೇಳ್ತಿದ್ರು, ಅಷ್ಟೇ. ಅಮ್ಮ ಕ್ಯಾಲೆಂಡರಲ್ಲಿ ಇಳಿಯೋ ತಾರೀಕಿಗೆ ಸುತ್ತು ಹಾಕಿ, ಅದರಾಚೆ ನಾಲ್ಕು ತಿಂಗಳಿಗೆ ನೀಲಿ ಪೆನ್ನಲ್ಲಿ ಗೀಟು ಎಳೀತಿದ್ಲು. ಅದು ದಡದ ತಿಂಗಳು. ಹಡಗಿನ ದುಡ್ಡಲ್ಲಿ ಮೊದಲು ತೆಗೆದಿಡೋದು ಆ ತಿಂಗಳಿನ ಅಕ್ಕಿ, ನಮ್ಮ ಫೀಸು. ಇವರದ್ದೂ ಕಾಂಟ್ರ್ಯಾಕ್ಟೇ ಅಲ್ವಾ? ಮದುವೇಲಿ ಅದನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ."

ಆತ ಆಗ ಅತ್ತ.

ನಾಲ್ಕು ತಿಂಗಳಾಗಿ ಆತನ ಕಿವಿಯಲ್ಲಿ ಕೂತಿದ್ದ ಮಾತು ಬೇರೆ, ಅದೂ ಇನ್ನೂ ಯಾರೂ ಆಡದೇ ಇದ್ದದ್ದು: "ಮಾಣಿ ಕೆಲ್ಸ ಹೋತಡ." ಹುಡುಗನ ಕೆಲಸ ಹೋಯಿತಂತೆ ಎಂದು. ಹವ್ಯಕರ ಮಾತು ಬಲ್ಲವರಿಗೆ ಆ ಕೊನೆಯ 'ಅಡ'ದ ಹರಿತ ಗೊತ್ತು. ಹೇಳಿದವರು ಯಾರೆಂದು ಇಲ್ಲ, ಊರೇ ಹೇಳುತ್ತದೆ. ಒಂದೇ ಜಿಲ್ಲೆಯಾದರೂ ಘಟ್ಟದ ಮೇಲಿನ ಮನೆಗೆ ನೋಟಿಸ್ ಎಂದರೆ ಅವಮಾನ, ದಂಡೆಯ ಮನೆಗೆ ಅದು ಕ್ಯಾಲೆಂಡರಿನ ಒಂದು ಸುತ್ತು.

ನನ್ನ ಎರಡನೆಯ ಸಲಹೆ ಹುಟ್ಟಿದ್ದು ಆಕೆಯ ಮಾತಿನಿಂದ, ನನ್ನ ಓದಿನಿಂದಲ್ಲ. ಕೈಯಲ್ಲಿ ಉಳಿದ ಹಣದಿಂದ ಸಾಲ ಮುಂಚಿತವಾಗಿ ತೀರಿಸಿ ಗೌರವ ಉಳಿಸಿಕೊಳ್ಳುವುದು ಆತನ ಯೋಚನೆ. ಬೇಡ ಎಂದೆ. ಮೊದಲ ಪಾಲು ಲೈಸೆನ್ಸಿಗೆ. 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಆಗದಿದ್ದರೆ ಪೈಲಟ್ ಮತ್ತೆ ಸಿಮ್ಯುಲೇಟರಿಗೋ ತರಬೇತಿಗೋ ಹೋಗದೆ ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಹೊತ್ತು ಹಾರುವಂತಿಲ್ಲ. ಮೆಡಿಕಲ್ಲಿಗೂ ಅವಧಿ ಇದೆ. ಸಾಲದ ಕಂತು ಒಂದು ತಿಂಗಳು ಸಣ್ಣದಾದರೆ ಬ್ಯಾಂಕಿನವರ ಹತ್ತಿರ ಕೂತು ಮಾತಾಡಬಹುದು, ರೇಟಿಂಗ್ ಹಳಸಿದರೆ ಮಾತಾಡಲು ಏನೂ ಉಳಿಯುವುದಿಲ್ಲ. ಎರಡನೆಯ ಪಾಲು ದಡದ ತಿಂಗಳಿಗೆ. ಶಿರಸಿಯ ಹಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟುವ ಮಾತು ಸದ್ಯಕ್ಕೆ ಇಲ್ಲ.

ಮುಂದಿನ ಕರಾರಿಗೆ ಸಹಿ ಹಾಕುವ ಮೊದಲು ಗಂಡ ಹೆಂಡತಿ ಇಬ್ಬರೂ ಓದಬೇಕು ಎಂದೂ ಹೇಳಿದೆ. ಹಾರದಿದ್ದರೂ ತಿಂಗಳಿಗೆ ಇಷ್ಟು ಗಂಟೆಯ ಹಣ ಖಚಿತವೋ, ನೋಟಿಸ್ ಎರಡೂ ಕಡೆಗೆ ಒಂದೇ ಅಳತೆಯೋ, ತರಬೇತಿಯ ಬಾಂಡ್ ಇದೆಯೋ, ಸಿಮ್ಯುಲೇಟರಿನ ಖರ್ಚು ಯಾರದು, ಜಗಳ ಬಂದರೆ ಯಾವ ದೇಶದ ಕೋರ್ಟು. ಸಂಬಳದ ಅಂಕಿ ಕೊನೆಗೆ ನೋಡಿದರಾಯಿತು.

ಗುತ್ತಿಗೆ ದುಡಿಮೆಯನ್ನು ಹೀಗೆ ಸಹಜ ಮಾಡಿಕೊಟ್ಟರೆ ಕಂಪನಿಗಳಿಗೇ ಅನುಕೂಲ ಎಂದು ಒಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಇರಬಹುದು. 30 ದಿನದ ನೋಟಿಸ್ ನ್ಯಾಯವೆಂದು ನಾನು ಎಲ್ಲೂ ಹೇಳಿಲ್ಲ. ಆದರೆ ನನ್ನೆದುರು ಕೂತವನಿಗೆ ಆ ರಾತ್ರಿ ನಿದ್ದೆ ಬರಬೇಕಿತ್ತು.

ಅಪ್ಪನಿಗೆ ಆತ ಹೇಳಿದ್ದು ಸುಲಿದ ಅಡಿಕೆ ಅಂಗಳದಲ್ಲಿ ಒಣಗುತ್ತಿದ್ದ ಹೊತ್ತಿಗೆ. ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದು, ಒಂದು ಮಳೆಗಾಲ ಅಡಿಕೆಗೆ ಕೊಳೆರೋಗ ಬಂದು ಅರ್ಧ ಫಸಲು ಉದುರಿದಾಗ ತಾನೂ ಮಗನಿಗೆ ತಿಳಿಸಿರಲಿಲ್ಲ ಎಂದರಂತೆ. ಆಗ ಮಗ ಫ್ಲೈಯಿಂಗ್ ಕ್ಲಬ್ಬಿನಲ್ಲಿದ್ದ, ಫೀಸು ತಪ್ಪದೆ ಹೋಗಿತ್ತು.

ಎಂಟು ತಿಂಗಳ ಕರಾರು ಮತ್ತೆ ಸಿಕ್ಕಿದೆ. ಆಕೆ ಕ್ಯಾಲೆಂಡರಿನ ಫೋಟೋ ಕಳಿಸಿದ್ದಳು, ನೀಲಿ ಗೀಟು ಸ್ವಲ್ಪ ಸೊಟ್ಟ. ಶಿರಸಿಯ ಆಯಿಗೆ, ಅಂದರೆ ಆತನ ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲವಂತೆ, 'ಕಂಪನಿ ಬದಲಾಯಿಸಿದೆ' ಎಂದಷ್ಟೇ ಹೇಳಿದ್ದಾರೆ. ನನಗದು ಸರಿಕಂಡಿಲ್ಲ. ಮುಂದಿನ ಸಲ ಬಂದಾಗ ಕೇಳಬೇಕು.