ಅವ್ವನ ಸುದ್ದಿ ಎತ್ತಿದ್ರ ಮನಿಯಾಗ ಬಾಯಿ ಮುಚ್ಚಿಸ್ತಾರ

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಂದು ಗಂಗಾವತಿ ತಾಲೂಕಿನ ಒಂದು ಹಳ್ಳಿ, ವಯಸ್ಸು 31. ನಮ್ಮವ್ವ ಎದಿ ಕ್ಯಾನ್ಸರಿನಿಂದ ಹೋಗಿ ಎರಡು ವರ್ಷ ಆತು. ಗಂಟು ಕೈಗೆ ಹತ್ತಿದಾಗ ಆಕಿಗೆ 49, ನೋವಿಲ್ಲಲ್ಲ ಬಿಡು ಅಂತ ಒಂದೂವರೆ ವರ್ಷ ಯಾರಿಗೂ ಹೇಳದ ಭತ್ತದ ನಾಟಿಗೆ ಹೋದ್ಲು, ನಡುವ ಯಾರೋ ಹೇಳಿದ್ರಂತ ಬೇರು ತೇಯ್ದು ಹಚ್ಚಿಕೊಂಡ್ಲು, ಹುಣ್ಣಾಗಿ ವಾಸನಿ ಬಂದ ಮ್ಯಾಲೆ ನಮಗ ಗೊತ್ತಾತು. ಊರಾಗಿನ ಹೆಣ್ಮಕ್ಕಳಿಗೆ ಇದನ್ನ ಹೇಳಬೇಕಂತ ಮನಸು ಕುದಿತೈತ್ರಿ. ಆದ್ರ ನಮ್ಮತ್ತಿ "ಆ ರೋಗದ ಹೆಸರು ತಗೀಬ್ಯಾಡ, ಮನಿಗೆ ಬರ್ತೈತಿ" ಅಂತಾರ. ಅಪ್ಪ ತಂಗಿಗೆ ಗಂಡು ನೋಡಾಕತ್ತಾನ, ಸಂಬಂಧ ತಪ್ಪಿ ಹೋಗ್ತಾವ ಸುಮ್ನಿರು ಅಂತಾನ. ಏನು ಮಾಡ್ಲಿ? ನನಗೂ ಬರ್ತೈತೇನ್ರಿ?

ಉತ್ತರ: ತಂಗೀ, ನಿಮ್ಮವ್ವ ಹೇಳಿದ ಆ ಮಾತು ಐತೆಲ್ಲ, "ನೋವಿಲ್ಲಲ್ಲ ಬಿಡು", ಅದನ್ನ ನಾನು ಎಷ್ಟು ಮಂದಿ ಬಾಯಾಗ ಕೇಳೀನೋ ಲೆಕ್ಕಿಲ್ಲ. ಹಲ್ಲು ನೋವಾದ್ರ ಓಡಿ ಹೋಗ್ತೀವಿ, ಇದು ನೋಯಂಗಿಲ್ಲ ಅಂತ ಬಿಡ್ತೀವಿ, ಆದ್ರ ಎದಿ ಕ್ಯಾನ್ಸರಿನ ಗಂಟು ಶುರುವಿಗೆ ಬಹಳ ಸಲ ನೋಯೋದ ಇಲ್ಲ. ನೀ ಊರಾಗ ಬ್ಯಾರೆ ಏನೂ ಹೇಳಬ್ಯಾಡ, ಇದೊಂದು ಹೇಳು ಸಾಕು.

ಎಲ್ಲಿ ಹೇಳಬೇಕು? ಸ್ಟೇಜು ಮೈಕು ಬ್ಯಾಡವ್ವ. ಅಕ್ಟೋಬರ್ ಬಂತಂದ್ರ ಎದಿ ಕ್ಯಾನ್ಸರ್ ಜಾಗೃತಿ ಅಂತ ಗುಲಾಬಿ ರಿಬ್ಬನ್ನು, ಜಾಥಾ ಎಲ್ಲಾ ಆಗ್ತಾವ, ಬ್ಯಾಡ ಅನ್ನಂಗಿಲ್ಲ, ಆದ್ರ ಬ್ಯಾನರ್ ಹಿಡಿದು ನಿಂತ ಹೆಣ್ಮಗಳು ತನ್ನ ಕುಪ್ಪಸದಾಗಿನ ಗಂಟಿನ ಸುದ್ದಿ ಅಲ್ಲಿ ಬಾಯಿ ಬಿಡಂಗಿಲ್ಲ. ಕಾಲುವಿಗೆ ನೀರು ಬಿಟ್ಟು ನಾಟಿ ಶುರುವಾದಾಗ ಗದ್ದಿಯಾಗ ಹತ್ತು ಹದಿನೈದು ಮಂದಿ ಸಾಲು ಹಿಡಿದು ಬಗ್ಗಿರ್ತೀರಲ್ಲ, ಅಲ್ಲಿ ಅತ್ತಿ ಬೈಗಳ, ಗಂಡನ ಕುಡಿತ, ಮುಟ್ಟಿನ ತ್ರಾಸು ಎಲ್ಲಾ ಹೊರಗ ಬರ್ತಾವ, ಅದ್ರಾಗ ಇದೂ ಬರಲಿ. "ನಮ್ಮವ್ವಗ ಹಿಂಗ ಆಗಿತ್ತು, ಕಡ್ಲಿಕಾಳಿನಷ್ಟಿತ್ತು, ಒಟ್ಟ ನೋಯ್ತಿದ್ದಿಲ್ಲ" ಅಂತ ಶುರು ಮಾಡು, ಅವತ್ತ ರಾತ್ರಿ ಒಬ್ಬಾಕಿಯಾದ್ರೂ ನಿನ್ನ ಬಾಗಲಿಗೆ ಬಂದು ಮೆಲ್ಲಕ ಕೇಳ್ತಾಳ.

ಬಂದಾಕಿಗೆ ಹೆದರಿಸಬ್ಯಾಡ. ಗಂಟೆಲ್ಲ ಕ್ಯಾನ್ಸರಲ್ಲ, ಬಹಳಷ್ಟು ಅಲ್ಲ, ಆದ್ರ ಯಾವುದು ಹೌದು ಯಾವುದಲ್ಲ ಅನ್ನೋದು ಕೈಯಿಂದ ಮುಟ್ಟಿ ತಿಳಿಯಂಗಿಲ್ಲ. ಚರ್ಮ ಕಿತ್ತಳಿ ಸಿಪ್ಪಿ ಹಂಗ ಆಗೋದು, ತೊಟ್ಟು ಹೊಸದಾಗಿ ಒಳಗ ಜಗ್ಗಿಕೊಳ್ಳೋದು, ತೊಟ್ಟಿನಾಗ ರಕ್ತ ಬರೋದು, ಕಂಕುಳಾಗ ಗಡ್ಡಿ, ಇವು ಕಂಡ್ರೂ ತಡಾ ಮಾಡಬಾರದು. ಪರೀಕ್ಷಾ ಮಾಡಾಕ ಗಂಟಿಗೆ ಸೂಜಿ ಚುಚ್ಚಿದ್ರ (ಬಯಾಪ್ಸಿ) ರೋಗ ಹಬ್ಬತೈತಿ ಅಂತಾರ, ಸುಳ್ಳು. ಗಂಟು ಸಣ್ಣದಿದ್ದಾಗ ಸಿಕ್ರ ಎಷ್ಟೋ ಸಲ ಮೊಲಿ ಪೂರಾ ತಗೀದ ಗಂಟಷ್ಟ ತಗೀತಾರ. 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಎದಿ ಪರೀಕ್ಷಾ ಸರ್ಕಾರದ ಆರೋಗ್ಯ ಕೇಂದ್ರದಾಗ ಪುಕ್ಕಟೆ ಮಾಡಬೇಕು ಅಂತ ಐತಿ, ನಿಮ್ಮೂರ ಆಶಾ ಕಾರ್ಯಕರ್ತೆನ್ನ ಬೆನ್ನು ಹತ್ತು. ಒಬ್ಬೊಬ್ಬರ ಹೋಗಬ್ಯಾಡ್ರಿ, ನಾಲ್ಕೈದು ಮಂದಿ ಕೂಡಿ ಒಂದು ದಿನ ಕೂಲಿ ಬಿಟ್ಟು ಹೋಗ್ರಿ, ನಾಚಿಕಿ ಅರ್ಧ ಹಾದ್ಯಾಗ ಇಳಿತೈತಿ. ರೊಕ್ಕದ ಚಿಂತಿ ಇದ್ರ, ಬಿಪಿಎಲ್ ಮನಿತನಕ್ಕ ಆಯುಷ್ಮಾನ್ ಕಾರ್ಡಿನಾಗ ವರ್ಷಕ್ಕ 5 ಲಕ್ಷದ ತನಕ ಐತಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರಿ ದೂರ ಅಂದ್ರ ಕಲಬುರಗಿಯಾಗೂ ಅವರದೊಂದು ಕೇಂದ್ರ ಐತಿ.

ಇನ್ನ ನಿಂದು. ಹೆಸರು ತಗಂಡ್ರ ಬರೋ ರೋಗ ಅಲ್ಲ ಇದು, ಮುಟ್ಟಿದ್ರ ಅಂಟೋದೂ ಅಲ್ಲ, ಅತ್ತಿಗೆ ಸಮಾಧಾನದಿಂದ ಹೇಳು. ಅವ್ವಗ ಬಂದಿದ್ರ ಮಗಳಿಗೆ ಬರೋ ಸಾಧ್ಯತಿ ಸುಮಾರು ಎರಡು ಪಟ್ಟು ಆಗ್ತೈತಿ ಅನ್ನೋದು ಖರೆ, ಆದ್ರ ಎರಡು ಪಟ್ಟು ಅಂದ್ರ ಬಂದ ಬಿಡ್ತೈತಿ ಅಂತಲ್ಲ. ಅವ್ವನ ಕಡಿಂದಾಗ್ಲಿ ಅಪ್ಪನ ಕಡಿಂದಾಗ್ಲಿ ಇಳಿದು ಬರೋ ಜೀನಿನಿಂದ ಆಗೋದು ನೂರರಾಗ ಐದರಿಂದ ಹತ್ತು ಕೇಸು ಅಷ್ಟ. ಅವ್ವಗ ಸಿಕ್ಕ ವಯಸ್ಸಿಗಿಂತ ಹತ್ತು ವರ್ಷ ಮುಂಚೆ ಮಗಳು ತಪಾಸಣಿ ಶುರು ಮಾಡಬೇಕು ಅಂತ ಡಾಕ್ಟರು ಸಾಮಾನ್ಯವಾಗಿ ಹೇಳ್ತಾರ, ಅಂದ್ರ ನಿನಗ 39ರ ಹೊತ್ತಿಗೆ ಮ್ಯಾಮೊಗ್ರಾಮು, ಅಂದ್ರ ಮೊಲಿಯ ಎಕ್ಸ್‌ರೇ. ಅಲ್ಲೀತನಕ ಮುಟ್ಟು ನಿಂತ ನಾಲ್ಕೈದು ದಿನಕ್ಕ ಕನ್ನಡಿ ಮುಂದ ನೋಡಿಕೊಂಡು ಮೂರು ಬೆರಳಿನ ಮೆತ್ತನ ಭಾಗದಿಂದ ಕಂಕುಳ ತನಕ ಒತ್ತಿ ನೋಡಿಕೋ, ಆದ್ರ ಡಾಕ್ಟರ ಪರೀಕ್ಷಾ ಬಿಟ್ಟು ಇದೊಂದ ಸಾಕು ಅನ್ನಬ್ಯಾಡ.

ತಂಗಿ ಮದಿವಿ ಮಾತು ಕೇಳಿ ನನಗ ಸಿಟ್ಟು ಬಂತು, ಆಮ್ಯಾಲ ನಿಮ್ಮಪ್ಪನ ಜಾಗದಾಗ ನಿಂತು ನೋಡಿದೆ. ಹೆಂಡ್ತಿನ್ನ ಕಳಕೊಂಡಾನ, ಮಗಳ ಸಂಬಂಧನೂ ಕಳಕೊಳ್ಳಾಕ ತಯಾರಿಲ್ಲ. ಊರಿಗೆಲ್ಲ ಗೊತ್ತಿರೋದನ್ನ ಮುಚ್ಚಿಡಾಕ ಆಗಂಗಿಲ್ಲ ಅನ್ನು, ಆದ್ರೂ ತಂಗಿನ್ನ ಒಂದು ಮಾತು ಕೇಳು, ಆಕಿಗೂ ಆಕಿ ಅವ್ವನ, ನೀ ಬಾಯಿ ಬಿಟ್ಟಿದ್ರ ಬಿಸಿ ತಟ್ಟೋದು ಮೊದಲು ಆಕಿಗೆ. ಬ್ಯಾಡಕ್ಕ, ಈ ವರ್ಷ ತಡಿ ಅಂದ್ರ ತಡಿ.

ಒಂದು ಕೆಲಸ ಮಾತ್ರ ತಡಿಬ್ಯಾಡ. ಸತ್ತವರ ಬಟ್ಟಿ ಬರಿ ಜತಿ ಆಸ್ಪತ್ರಿ ಕಾಗದಾನೂ ಒಗದ ಬಿಡ್ತಾರ ನಮ್ಮ ಕಡಿ. ನಿಮ್ಮವ್ವನ ಬಯಾಪ್ಸಿ ರಿಪೋರ್ಟು ನಿನಗೂ ತಂಗಿಗೂ ನಾಳೆ ಬೇಕಾಗೋದು, 50ರೊಳಗ ಗಂಟು ಕಂಡಿತ್ತು ಅನ್ನೋದನ್ನ ನೀ ಹೇಳು, ಯಾವ ಜಾತಿ ಗಡ್ಡಿ ಅನ್ನೋದನ್ನ ಡಾಕ್ಟರು ಅದ್ರಾಗ ನೋಡಿ ಜೀನ್ ಟೆಸ್ಟು ಬೇಕೋ ಬ್ಯಾಡೋ ಹೇಳ್ತಾರ. ಆ ಫೈಲು ಎಲ್ಲೈತಿ ಅಂತ ಅಪ್ಪನ್ನ ಕೇಳು, ಟ್ರಂಕಿನ ತಳದಾಗ ಇಟ್ಟಿರಬೇಕು.