ದ್ರವ ಹೀಲಿಯಂ 2.17 ಕೆಲ್ವಿನ್‌ಗೆ ಇಳಿದ ಕೂಡಲೇ ಕುದಿಯುವುದನ್ನು ಯಾಕೆ ನಿಲ್ಲಿಸುತ್ತದೆ?

ನಿಲ್ಲುವುದು ಗುಳ್ಳೆಗಳು ಮಾತ್ರ. ಆವಿಯಾಗುವುದು ಮುಂದುವರಿಯುತ್ತಲೇ ಇರುತ್ತದೆ.

ಸಾಮಾನ್ಯ ಒತ್ತಡದಲ್ಲಿ ಹೀಲಿಯಂ-4 (ಹೀಲಿಯಂನ ಸಾಮಾನ್ಯ ರೂಪ) ಕುದಿಯುವುದು 4.2 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇಲಿನ ಆವಿಯನ್ನು ಪಂಪ್‌ನಿಂದ ಹೀರುತ್ತಾ ಹೋದರೆ ಅದು ಇನ್ನೂ ತಣ್ಣಗಾಗುತ್ತದೆ. ಆಗ ಗಾಜಿನ ಪಾತ್ರೆಯ ತುಂಬಾ ಗುಳ್ಳೆ, ಕೊತಕೊತ ಕುದಿತ. 2.17 ಮುಟ್ಟಿದ್ದೇ ತಡ, ದ್ರವ ಒಮ್ಮೆಲೇ ತಿಳಿಯಾಗಿ ಅಲುಗದೆ ನಿಂತುಬಿಡುತ್ತದೆ. ಇದಕ್ಕಿಂತ ಚೆಂದದ ಸ್ಥಿತಿ ಬದಲಾವಣೆ ನನಗೆ ಗೊತ್ತಿಲ್ಲ!

ಗುಳ್ಳೆ ಹುಟ್ಟಲು ದ್ರವದೊಳಗೆ ಒಂದು ಜಾಗ ಸುತ್ತಲಿಗಿಂತ ಜಾಸ್ತಿ ಬಿಸಿಯಾಗಬೇಕು, ಅಲ್ವಾ? ಹೀಲಿಯಂ ಈಗ ಸೂಪರ್‌ಫ್ಲೂಯಿಡ್, ಅಂದರೆ ಘರ್ಷಣೆಯಿಲ್ಲದೆ ಹರಿಯಬಲ್ಲ ದ್ರವ ಆಗಿದೆ. ಅದರಲ್ಲಿ ಶಾಖ ತಾಮ್ರಕ್ಕಿಂತ ನೂರಾರು ಪಟ್ಟು ಸಲೀಸಾಗಿ ಹರಿಯುತ್ತದೆ. ಹಾಗಾಗಿ ಅಂಥ ಬಿಸಿ ಜಾಗ ಉಳಿಯುವುದೇ ಇಲ್ಲ. ಆವಿ ಮೇಲ್ಮೈಯಿಂದ ಸುಮ್ನೆ ಎದ್ದು ಹೋಗುತ್ತದೆ.

ನೀರು ಮಂಜುಗಡ್ಡೆಯಾಗುವಾಗ ಹೊರಬರುವಂಥ ಗುಪ್ತ ಶಾಖ ಇಲ್ಲಿಲ್ಲ. ಬದಲಿಗೆ, ವಿಶಿಷ್ಟ ಶಾಖವನ್ನು (ಒಂದು ಗ್ರಾಂ ವಸ್ತುವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ) ತೋರಿಸುವ ನಕ್ಷೆಯ ಗೆರೆ ಆ ತಾಪಮಾನದಲ್ಲಿ ಚೂಪಾಗಿ ಮೇಲೇಳುತ್ತದೆ. ಅದು ಗ್ರೀಕ್ ಅಕ್ಷರ ಲ್ಯಾಂಬ್ಡಾದಂತೆ ಕಾಣುವುದರಿಂದ ಲ್ಯಾಂಬ್ಡಾ ಬಿಂದು ಎಂಬ ಹೆಸರು ಬಂತು.

ಇನ್ನೆಷ್ಟೇ ತಣ್ಣಗೆ ಮಾಡಿದರೂ ಹೀಲಿಯಂ ತಾನಾಗಿ ಗಟ್ಟಿಯಾಗುವುದಿಲ್ಲ. ಅದಕ್ಕೆ ವಾತಾವರಣದ ಒತ್ತಡದ ಸುಮಾರು 25 ಪಟ್ಟು ಒತ್ತಬೇಕು.