ಅಪ್ಪನೋ ಅಮ್ಮನೋ ಜೈಲಿಗೆ ಹೋದರೆ ಮಗುವಿನ ಆರೋಗ್ಯ ಯಾಕೆ ಕೆಡುತ್ತದೆ?

ಒಂದು ಮುಖ್ಯ ಕಾರಣ, ಮಗುವಿನ ದೇಹ ಸದಾ ಗಾಬರಿಯಲ್ಲೇ ಇರುವುದು. ಹೆದರಿದಾಗ ಕಾರ್ಟಿಸೋಲ್ ಎಂಬ ಹಾರ್ಮೋನು ಏರುತ್ತದೆ, ಭಯ ಹೋದ ಮೇಲೆ ಇಳಿಯಬೇಕು. ಆದರೆ ಪೊಲೀಸರು ರಾತ್ರೋರಾತ್ರಿ ಬಾಗಿಲು ಬಡಿದು ಅಪ್ಪನನ್ನು ಕರೆದೊಯ್ದ ಮನೆಯಲ್ಲಿ ಭಯ ಅಷ್ಟು ಸುಲಭಕ್ಕೆ ಹೋಗಲ್ಲ, ಅಲ್ವಾ? ಬಾಗಿಲು ಸುಮ್ನೆ ಸದ್ದಾದರೂ ಮಗು ಬೆಚ್ಚುತ್ತದೆ. ತಿಂಗಳುಗಟ್ಟಲೆ ಹೀಗಾದರೆ ನಿದ್ದೆ ಕೆಡುತ್ತದೆ, ರೋಗನಿರೋಧಕ ಶಕ್ತಿ ಏರುಪೇರಾಗುತ್ತದೆ. ಸಂಪಾದನೆ ನಿಂತರೆ ಆ ಕಷ್ಟ ಬೇರೆ.

ಅಮೆರಿಕದ ಸಂಶೋಧಕರಾದ ಫೆಲಿಟ್ಟಿ, ಆಂಡಾ ಮತ್ತಿತರರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಬಾಲ್ಯದ ಕಷ್ಟಗಳ ಪಟ್ಟಿಯಲ್ಲಿ ಮನೆಯವರ ಜೈಲುವಾಸವನ್ನೂ ಸೇರಿಸಿತ್ತು. ಇಂಥ ಕಷ್ಟಗಳು ಹೆಚ್ಚಿದ್ದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಖಿನ್ನತೆ ಜಾಸ್ತಿ ಕಂಡವು. ಹಾಗಂತ ಇದು ಹಣೆಬರಹವೇನಲ್ಲ. ಮಗು ನಂಬುವ ಒಬ್ಬ ದೊಡ್ಡವರು ಜೊತೆಗಿದ್ದರೆ ದೇಹದ ಗಾಬರಿ ಬೇಗ ಇಳಿಯುತ್ತದೆ. ಅಜ್ಜಿಯಾದರೂ ಸರಿ, ಟೀಚರಾದರೂ ಸರಿ.